ತಗಡಿನ ಗೋಡೆಯ ಗೆರೆಗಳು

ಆ ಹಾಳೆಯಲ್ಲಿ ಹದಿನಾಲ್ಕು ಸೊನ್ನೆಗಳಿದ್ದವು. ಬರೆದವಳು ನಾನೇ. ಏಳನೆಯದು ಮಾತ್ರ ಸ್ವಲ್ಪ ಓರೆಯಾಗಿತ್ತು. ಆ ಪ್ರಶ್ನೆ ಓದುವಾಗ ಎದುರಿಗೆ ಕುಳಿತಿದ್ದವಳು ತನ್ನ ಹೊಟ್ಟೆಯ ಎರಡೂ ಬದಿಗೆ ಅಂಗೈಗಳನ್ನು ಒತ್ತಿ ಹಿಡಿದುಕೊಂಡಳು. ನನ್ನ ಕಣ್ಣು ಒಂದು ಕ್ಷಣ ಅತ್ತ ಹೋಯಿತು, ಪೆನ್ನು ಜಾರಿತು.

ನಾನು ಕೆಲಸ ಮಾಡುವುದು ಹೈದರಾಬಾದಿನ ಒಂದು ಟ್ರಸ್ಟ್ ಆಸ್ಪತ್ರೆಯ ಮಕ್ಕಳ ಹೃದ್ರೋಗ ವಿಭಾಗದಲ್ಲಿ. ಇನ್ನೂ ಹುಟ್ಟದ ಮಕ್ಕಳ ಹೃದಯವನ್ನೂ ಅಲ್ಲಿ ಸ್ಕ್ಯಾನ್ ಮಾಡಿ ನೋಡುತ್ತಾರೆ. ತೊಂದರೆ ಕಂಡರೆ ವೈದ್ಯೆ ತಂದೆ ತಾಯಿಗೆ ವಿವರಿಸುತ್ತಾರೆ. ಅದಾದ ಮೇಲೆ ಅವರು ಪಕ್ಕದ ಕೋಣೆಗೆ, ನನ್ನ ಬಳಿಗೆ ಬರುತ್ತಾರೆ. ಸುದ್ದಿ ಅವರ ಮನಸ್ಸಿನ ಮೇಲೆ ಎಷ್ಟು ಭಾರವಾಗಿ ಕೂತಿದೆ ಎಂದು ಅಳೆಯುವುದು, ಆ ಅಳತೆಗೆ ತಕ್ಕಂತೆ ಅವರನ್ನು ಹಿಂಬಾಲಿಸುವುದು ನನ್ನ ಕೆಲಸ. ವಿಭಾಗದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೆಲ್ಲ ನನ್ನ ಪಾಲಿಗೆ ಬರುತ್ತಾರೆ.

ಅಳೆಯಲು ಒಂದು ನಮೂನೆ ಇದೆ. ಹದಿನಾಲ್ಕು ವಾಕ್ಯಗಳು. ‘ಕಳೆದ ವಾರ ನನಗೆ ನಿದ್ದೆ ಬರಲಿಲ್ಲ’, ‘ಮಗುವಿಗೆ ಕೆಟ್ಟದ್ದು ಆಗುತ್ತದೆ ಎಂದು ನನಗೆ ಭಯವಾಗುತ್ತದೆ’, ಈ ರೀತಿ. ಇಲ್ಲ ಎಂದರೆ ಸೊನ್ನೆ, ಯಾವಾಗಲೂ ಎಂದರೆ ಮೂರು. ಕನ್ನಡಕ್ಕೆ ತಂದವಳು ನಾನು. ನಿಯಮವೂ ಸರಳ: ವಾಕ್ಯವನ್ನು ಗಟ್ಟಿಯಾಗಿ ಓದಬೇಕು, ವಿವರಿಸಬಾರದು, ಉತ್ತರವನ್ನು ತಿದ್ದಬಾರದು. ತಾಯಿಯ ಮೊತ್ತ ಹದಿನೈದು ದಾಟಿದರೆ ಒಂದು ವಾರದೊಳಗೆ ಮತ್ತೆ ಕರೆಸಬೇಕು. ದಾಟದಿದ್ದರೆ ನಾಲ್ಕು ವಾರ.

ಆ ಸೊನ್ನೆಗಳವಳೂ ಅವಳ ಗಂಡನೂ ಲಿಂಗಸುಗೂರು ಕಡೆಯವರು. ಗಂಡ ಶಂಶಾಬಾದಿನಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿಗೆ ಕಬ್ಬಿಣದ ಸರಳು ಕಟ್ಟುತ್ತಿದ್ದ. ಹೆಂಡತಿ ಅಲ್ಲಿಯೇ ಇಟ್ಟಿಗೆ ಹೊರುತ್ತಿದ್ದಳು. ಚೊಚ್ಚಲ ಬಸಿರು, ಇಪ್ಪತ್ನಾಲ್ಕನೆಯ ವಾರ. ಸರ್ಕಾರಿ ಹೆರಿಗೆ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಅನುಮಾನ ಬಂದು ನಮ್ಮಲ್ಲಿಗೆ ಕಳಿಸಿದ್ದರು.

ಸ್ಕ್ಯಾನ್ ಕೋಣೆಯಲ್ಲಿ ಭಾಷಾಂತರಕ್ಕಾಗಿ ನಾನೂ ಇದ್ದೆ. ಪರದೆಯ ಮೇಲೆ ಬಾರೆಹಣ್ಣಿನಷ್ಟು ಹೃದಯ ಮಿಡಿಯುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ಅದು ಮಾಮೂಲಾಗಿಲ್ಲ. ಯಾರೂ ಮುಟ್ಟದ, ಬೆಳಕು ಕಾಣದ ಜಾಗದಲ್ಲಿ ನಾಲ್ಕು ಕೋಣೆಗಳನ್ನು ಕಟ್ಟಿಕೊಂಡು, ಬಾಗಿಲು ತೆಗೆದು ಮುಚ್ಚಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುವ ಒಂದು ಜೀವ. ವೈದ್ಯೆ ಬಹಳ ಹೊತ್ತು ಒಂದೇ ಕಡೆ ನೋಡಿದರು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಒಂದನ್ನೊಂದು ದಾಟಿ ಹೋಗಬೇಕು. ಇಲ್ಲಿ ಅವು ಅದಲುಬದಲಾಗಿ, ಅಕ್ಕಪಕ್ಕದಲ್ಲಿ ನೇರವಾಗಿ ಹೋಗಿದ್ದವು. ವೈದ್ಯೆ ತೆಲುಗಿನಲ್ಲಿ ಹೇಳುತ್ತಾ ತಮ್ಮ ಎರಡು ಬೆರಳುಗಳನ್ನು ಮೊದಲು ಹೆಣೆದು ತೋರಿಸಿದರು, ಆಮೇಲೆ ಬಿಡಿಸಿ ತೋರಿಸಿದರು. ನಾನು ಕನ್ನಡದಲ್ಲಿ ಹೇಳಿದೆ. ಒಳಗಿರುವಷ್ಟು ದಿನ ಮಗುವಿಗೆ ತೊಂದರೆಯಿಲ್ಲ, ತಾಯಿಯ ಉಸಿರೇ ಅದರ ಉಸಿರು. ಹುಟ್ಟಿದ ಕೂಡಲೇ ಅದಕ್ಕೆ ಔಷಧಿಯ ಡ್ರಿಪ್ ಬೇಕು, ಹೃದಯದ ಒಳಗಿನ ಒಂದು ಕಿಂಡಿಯನ್ನು ಅಗಲ ಮಾಡಬೇಕಾಗಬಹುದು, ವಾರದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ. ಇದೆಲ್ಲ ಆದರೆ ಮಗು ಬದುಕಿ ಬೆಳೆಯುವ ಭರವಸೆ ಚೆನ್ನಾಗಿದೆ. ಆದರೆ ಹೆರಿಗೆ ಇದೇ ಆಸ್ಪತ್ರೆಯಲ್ಲಿ ಆಗಬೇಕು. ಬೇರೆಲ್ಲಾದರೂ ಆದರೆ, ಇಲ್ಲಿಗೆ ತರುವಷ್ಟರಲ್ಲಿ ಕೈಮೀರಿ ಹೋಗಬಹುದು.

ಗಂಡ ತನ್ನ ಎರಡು ಬೆರಳುಗಳನ್ನು ಹೆಣೆದು ನೋಡಿಕೊಂಡ. “ಕ್ರಾಸ್ ಬರಬೇಕಾಗಿತ್ತು, ಸೀದಾ ಹೋಗ್ಯಾವು,” ಎಂದ.

ಹೆಂಡತಿ ಸೆರಗು ಸರಿಪಡಿಸಿಕೊಂಡು ಮಂಚದಿಂದ ಇಳಿದಳು.

ನನ್ನ ಕೋಣೆಯಲ್ಲಿ ಇಬ್ಬರಿಗೂ ಬೇರೆ ಬೇರೆಯಾಗಿ ನಮೂನೆ ಓದಿದೆ. ಗಂಡನ ಮೊತ್ತ ಮೂವತ್ತೊಂದು. ಎರಡು ಸಲ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಹೆಂಡತಿ ಪ್ರತಿ ವಾಕ್ಯ ಮುಗಿಯುವ ಮೊದಲೇ “ಇಲ್ರಿ” ಎನ್ನುತ್ತಿದ್ದಳು. ಅನುಮಾನವಿಲ್ಲದ, ಗಟ್ಟಿ ದನಿ. ಹದಿನಾಲ್ಕು ಸಲ. ಇವಳು ಗಟ್ಟಿಗಿತ್ತಿ ಅಂದುಕೊಂಡೆ. ಟಿಪ್ಪಣಿಯಲ್ಲಿ ಹೀಗೆ ಬರೆದೆ: ‘ತಂದೆಗೆ ಬೆಂಬಲ ಅಗತ್ಯ. ತಾಯಿ ಸ್ಥಿರ.’ ನಾಲ್ಕು ವಾರದ ನಂತರದ ದಿನಾಂಕ ಕೊಟ್ಟು ಕಳಿಸಿದೆ.

ಮುಂದಿನ ವಾರಗಳಲ್ಲಿ ಗಂಡನಿಗೆ ಮಾತ್ರ ಫೋನ್ ಮಾಡಿದೆ. “ಡ್ಯೂಟಿ ಮ್ಯಾಲ ಅದೀನ್ರಿ ಮೇಡಂ, ಅಕಿ ಆರಾಮ ಅದಾಳ್ರಿ,” ಎಂದು ಹೇಳಿ ಇಡುತ್ತಿದ್ದ. ನಾಲ್ಕನೆಯ ವಾರ ಅವರು ಬರಲಿಲ್ಲ. “ಮುಂದಿನ ವಾರ ಬರ್ತೀವ್ರಿ,” ಎಂದ. ಮುಂದಿನ ವಾರವೂ ಬರಲಿಲ್ಲ. ಆರನೆಯ ವಾರ, ಒಂದು ಶನಿವಾರ ಮಧ್ಯಾಹ್ನ, ಫೋನ್ ಎತ್ತಿದ್ದು ಅವರ ಮೇಸ್ತ್ರಿ. ಅವನು ಹಿಂದಿಯಲ್ಲಿ ಹೇಳಿದ: ಹುಡುಗ ಮೇಲೆ ಸ್ಲ್ಯಾಬಿನಲ್ಲಿದ್ದಾನೆ, ಫೋನ್ ಇಲ್ಲಿಟ್ಟು ಹೋಗಿದ್ದಾನೆ. ಅವನ ಅತ್ತೆ ಬಂದಿದ್ದಾಳೆ, ಅದೇನೋ ಪೂಜೆಯಂತೆ, ಸೋಮವಾರ ಮಗಳನ್ನು ಹೆರಿಗೆಗೆ ಊರಿಗೆ ಕರೆದುಕೊಂಡು ಹೋಗುತ್ತಾಳಂತೆ.

ಫೋನ್ ಇಟ್ಟ ಮೇಲೆ ನಾನು ಆ ಕಡತ ತೆಗೆದು ನೋಡಿದೆ. ‘ಮೊದಲ ಹೆರಿಗೆ’ ಎಂಬ ಕಡೆ ಗುರುತು ಹಾಕಿದ್ದೆ. ಹೆರಿಗೆ ಎಲ್ಲಿ ಎಂದು ಕೇಳಿರಲಿಲ್ಲ, ಏಕೆಂದರೆ ನಮೂನೆಯಲ್ಲಿ ಆ ಪ್ರಶ್ನೆ ಇಲ್ಲ. ನನಗೆ ತಿಳಿಯದ ಪದ್ಧತಿಯೇನೂ ಅಲ್ಲ. ಏಳನೆಯ ತಿಂಗಳಿಗೆ ಕುಬಸ ಮಾಡಿ, ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಮನೆಯಲ್ಲೂ ಇದೆ. ನನ್ನನ್ನು ಹೆರಲು ನನ್ನ ತಾಯಿ ಬೀದರಿನ ತನ್ನ ತವರಿಗೆ ಹೋಗಿದ್ದಳು. ಗೊತ್ತಿದ್ದೂ ಕೇಳದೇ ಇದ್ದವಳು ನಾನು.

ರೋಗಿಗಳ ಮನೆಗೆ ಅವರು ಕರೆಯದೆ ಹೋಗಬಾರದು ಎಂಬುದು ನಮ್ಮ ವಿಭಾಗದ ನಿಯಮ. ಒಳ್ಳೆಯ ನಿಯಮವೇ. ಮನೆಯವರಿಗೆ ಗೊತ್ತಿಲ್ಲದ ವಿಷಯ ನಮ್ಮ ಒಂದು ಭೇಟಿಯಿಂದ ಬಯಲಾಗಬಹುದು. ಸಂಜೆ ವೈದ್ಯೆಯ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಸೊನ್ನೆಗಳ ಹಾಳೆಯನ್ನು ತೆಗೆದುಕೊಂಡು ನೋಡಿದರು.

“ಇಂಥ ಸುದ್ದಿ ಕೇಳಿ ಹತ್ತು ನಿಮಿಷಕ್ಕೆ ಒಬ್ಬ ತಾಯಿ ಸೊನ್ನೆ ಕೊಟ್ಟರೆ, ತಪ್ಪು ಎಲ್ಲಿದೆ ಅನ್ನಿಸುತ್ತೆ ನಿನಗೆ?” ಎಂದು ತೆಲುಗಿನಲ್ಲಿ ಕೇಳಿದರು.

ನಾಳೆ ಅವರಿರುವಲ್ಲಿಗೆ ಹೋಗುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ. “ಅವಳ ಒಪ್ಪಿಗೆ ಇಲ್ಲದೆ ಅವಳ ಅಮ್ಮನಿಗೆ ಒಂದು ಮಾತೂ ಹೇಳಬೇಡ,” ಎಂದರು.

ಭಾನುವಾರ ಬೆಳಿಗ್ಗೆ ಮೆಹದಿಪಟ್ಟಣಂನಲ್ಲಿ ಬಸ್ ಹಿಡಿದು ಶಂಶಾಬಾದಿಗೆ ಹೋದೆ. ಅರ್ಧ ಎದ್ದ ಕಟ್ಟಡದ ಹಿಂದೆ ಎರಡು ಸಾಲು ತಗಡಿನ ಶೆಡ್ಡುಗಳು. ಪಕ್ಕದ ನಿಲ್ದಾಣದಲ್ಲಿ ವಿಮಾನ ಇಳಿಯುವಾಗಲೆಲ್ಲ ತಗಡು ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೂರನೆಯ ಶೆಡ್ಡಿನ ಮುಂದೆ ಗಂಡ ಕುಳಿತಿದ್ದ. ನನ್ನನ್ನು ಕಂಡವನೇ ಎದ್ದು ನಿಂತು, ಕಣ್ಣಿನಲ್ಲೇ ಬೇಡ ಬೇಡ ಎನ್ನತೊಡಗಿದ. ಅತ್ತೆಗೆ ಏನೂ ಗೊತ್ತಿಲ್ಲ ಎಂಬುದು ಅಷ್ಟರಲ್ಲೇ ತಿಳಿಯಿತು.

ಒಳಗೆ ಆ ಅತ್ತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಕಬ್ಬಿಣದ ಟ್ರಂಕು, ಅದರ ಮೇಲೆ ಮಡಚಿದ ಹಸಿರು ಸೀರೆ.

“ಯಾರವ್ವಾ ಇಕಿ?”

“ದವಾಖಾನಿಯವರಬೇ,” ಎಂದಳು ಮಗಳು. “ಸ್ಕ್ಯಾನಿಂಗ್ ಮಾಡಿದ್ರಲ್ಲ, ಅಲ್ಲಿಯವರು.”

“ಬಾ ತಂಗಿ, ಕುಂದ್ರು. ಐದು ಮಂದೀನ ಹಡದೀನಿ, ಒಬ್ಬರದೂ ಫೋಟೋ ತಗಿಸಿಲ್ಲ. ಈಗಿನ ಕೂಸುಗಳಿಗೆ ಹುಟ್ಟೋಕ ಮುಂಚೇನ ಫೋಟೋ ಬೇಕು. ರೊಟ್ಟಿ ತಿಂತೀಯೇನು? ನಿನ್ನ ಮಾರಿ ನೋಡಿದ್ರ ನಿಮ್ಮ ದವಾಖಾನ್ಯಾಗ ಊಟಾನ ಹಾಕಂಗಿಲ್ಲ ಅನಸ್ತೈತಿ.”

ನಾನು ಕುಳಿತೆ. ಬಿಸಿ ರೊಟ್ಟಿ, ಪುಂಡಿಪಲ್ಯ. ಬಂದ ವಿಷಯ ಹೇಳುವಂತಿಲ್ಲ, ಹೇಳದೆ ಏಳುವಂತಿಲ್ಲ. ತಿನ್ನುತ್ತ ಎದುರಿನ ಗೋಡೆ ನೋಡಿದೆ. ನಡು ಎತ್ತರದಿಂದ ಕೆಳಗಿನವರೆಗೆ ತಗಡಿನ ಮೇಲೆ ಇದ್ದಿಲಿನ ಸಣ್ಣ ಗೆರೆಗಳಿದ್ದವು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದವು, ಒತ್ತೊತ್ತಾಗಿ, ಸಾಲುಸಾಲಾಗಿ. ಮೊದಲು ಕೆಲಸದ ಲೆಕ್ಕ ಅಂದುಕೊಂಡೆ. ಆದರೆ ಒಂದು ಸಾಲಿನಂತೆ ಇನ್ನೊಂದು ಇರಲಿಲ್ಲ. ಒಂದರಲ್ಲಿ ಹತ್ತು ಗೆರೆ, ಒಂದರಲ್ಲಿ ಮೂವತ್ತು. ಒಂದು ಸಾಲು ಗೋಡೆಯ ಅಂಚಿಗೆ ಬಂದು ಜಾಗ ಸಾಲದೆ ಕೆಳಗೆ ತಿರುಗಿತ್ತು.

“ಇವು ಏನ್ರೀ?” ಎಂದು ಅವಳನ್ನು ಕೇಳಿದೆ.

ಅವಳು ತಾಯಿಯ ಕಡೆ ನೋಡಿದಳು. ಆಮೇಲೆ, “ನೀರಿಗೆ ಹೋಗಿ ಬರೂಣು ಬರ್ರಿ ಅಕ್ಕಾರ,” ಎಂದು ಕೊಡ ಎತ್ತಿಕೊಂಡಳು. ಕೊಡವನ್ನು ನಾನು ತೆಗೆದುಕೊಂಡೆ.

ನೀರಿನ ಡ್ರಮ್ಮಿನ ನಲ್ಲಿಯ ಕೆಳಗೆ ಕೊಡ ಇಟ್ಟೆ. ಪಕ್ಕದಲ್ಲಿ ನಿಂತು ಅವಳು ಹೇಳಿದಳು: “ಅವು ಕೂಸು ಒದ್ದದ್ದು. ಒಮ್ಮೆ ಒದ್ದರ ಒಂದು ಗೆರಿ. ನೀವು ಹೇಳಿದ ದಿನದಿಂದ.”

“ದಿನಾ?”

“ದಿನಾ ರೀ. ಕೆಲಸಕ್ಕ ಹೋದಾಗ ಸೆರಗಿಗೆ ಗಂಟು ಹಾಕ್ಕೊಂತೀನಿ, ಬಂದು ಗ್ವಾಡಿಗೆ ಎಳೀತೀನಿ. ಕಡಿಮಿ ಒದ್ದ ದಿನ ಮಲಗಂಗಿಲ್ಲ. ಬೆಲ್ಲ ತಿಂತೀನಿ, ತಣ್ಣೀರು ಕುಡೀತೀನಿ, ಎಡಕ್ಕ ಹೊಳ್ಳಿ ಕುಂದರ್ತೀನಿ. ಒದೀತೈತಿ.”

ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಒಂದು ದಿನವೂ ಬಿಟ್ಟಿರಲಿಲ್ಲ. ಓದುಬರಹ ಬಲ್ಲ ತಾಯಂದಿರಿಗೆ ನಮ್ಮ ವಿಭಾಗದಲ್ಲಿ ಒದೆತ ಎಣಿಸುವ ಚಾರ್ಟು ಕೊಡುತ್ತೇವೆ. ಅರ್ಧಕ್ಕೆ ಬಿಡುವವರೇ ಹೆಚ್ಚು. ಇವಳಿಗೆ ಯಾರೂ ಚಾರ್ಟು ಕೊಟ್ಟಿರಲಿಲ್ಲ. ಇವಳು ಸ್ಥಿರ ಎಂದು ನಾನು ಬರೆದುಬಿಟ್ಟಿದ್ದೆನಲ್ಲ.

“ಹಂಗಾದ್ರ ಅವತ್ತು ನಾನು ಕೇಳಿದಾಗ ಎಲ್ಲಾದಕ್ಕೂ ಇಲ್ಲ ಅಂದ್ರಲ್ಲ, ಯಾಕ್ರಿ?”

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ.

“ಕೂಸು ಕೇಳತಿರ್ತೈತಲ್ರೀ. ಕೂಸಿಗೆ ಕೆಟ್ಟದ್ದು ಆಕ್ಕೈತಿ ಅಂತ ನೀವು ಅದರ ಮುಂದನ ಗಟ್ಟಿಯಾಗಿ ಓದಿದ್ರಿ. ನಾ ಹೂಂ ಅಂದ್ರ ಅದು ಖರೇ ಆಗಿಬಿಡ್ತಿತ್ತು. ಅದಕ್ಕ ನೀವು ಒಂದೊಂದು ಓದಿದಂಗ ನಾ ಇಲ್ಲ ಇಲ್ಲ ಅಂತ ಅಳಿಸಿಕೋತ ಬಂದೆ.”

ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಅವಳೇ ನಲ್ಲಿ ನಿಲ್ಲಿಸಿದಳು. ಮಗುವಿಗೆ ಕೆಟ್ಟದ್ದು ಆಗುತ್ತದೆ ಎಂಬ ಆ ಏಳನೆಯ ವಾಕ್ಯಕ್ಕೆ ಅವಳ ಎರಡು ಅಂಗೈ ಏನು ಮಾಡುತ್ತಿದ್ದವು ಎಂದು ನನಗೆ ಆಗ ತಿಳಿಯಿತು. ಅವು ಒಳಗಿನ ಮಗುವಿನ ಎರಡು ಕಿವಿ ಮುಚ್ಚುತ್ತಿದ್ದವು. ನಾನು ಬರೆದುಕೊಂಡ ಹದಿನಾಲ್ಕು ಸೊನ್ನೆಗಳು ಉತ್ತರಗಳೇ ಅಲ್ಲ. ಒಬ್ಬ ತಾಯಿ ನನ್ನ ಮಾತುಗಳನ್ನು ಒಂದೊಂದಾಗಿ ಒರೆಸಿ ಹಾಕಿದ ಗುರುತುಗಳು ಅವು.

“ತಪ್ಪಾಯ್ತು ರೀ,” ಎಂದೆ. ಕೆಲಸದಲ್ಲಿ ನಾನು ಹೆಚ್ಚು ಆಡುವ ಮಾತಲ್ಲ.

“ನಿಮ್ಮದೇನ್ರೀ ತಪ್ಪು, ನಿಮಗ ಕೊಟ್ಟ ಹಾಳಿ ಅದು. ಐತೇನು ಈಗ? ಕೊಡ್ರಿ ಇಲ್ಲಿ, ನಾನಽ ಓದ್ತೀನಿ. ಏಳನೇತ್ತ ತನಕ ಸಾಲಿ ಕಲ್ತೀನ್ರೀ ನಾ.”

ಇಟ್ಟಿಗೆ ಹೊರುವವಳಿಗೆ ಓದು ಬರುತ್ತದೆಯೇ ಎಂದೂ ನಾನು ಕೇಳಿರಲಿಲ್ಲ. ಚೀಲದಿಂದ ಖಾಲಿ ನಮೂನೆ ತೆಗೆದುಕೊಟ್ಟೆ. ಅವಳು ಡ್ರಮ್ಮಿನ ಮುಚ್ಚಳದ ಮೇಲೆ ಹಾಳೆ ಇಟ್ಟುಕೊಂಡು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಕಣ್ಣಿನಲ್ಲೇ ಓದಿದಳು. ಪ್ರತಿ ವಾಕ್ಯಕ್ಕೂ ನಿಧಾನವಾಗಿ ಗುರುತು ಹಾಕಿದಳು. ನಲವತ್ತೆರಡಕ್ಕೆ ಮೂವತ್ತೆಂಟು. ಅಷ್ಟು ಮೊತ್ತ ನಾನು ಅದುವರೆಗೆ ಕಂಡಿರಲಿಲ್ಲ. ಕೊನೆಯಲ್ಲಿ ಟಿಪ್ಪಣಿಗೆ ಬಿಟ್ಟ ಜಾಗದಲ್ಲಿ ಅವಳು ಒಂದು ಸಾಲು ಬರೆದಿದ್ದಳು: ‘ಮೂರು ತಿಂಗಳು ಇದ್ದಾಗ ಸಿಮೆಂಟ್ ಚೀಲ ಎತ್ತಿದೆ. ಅದಕ್ಕ ಹಿಂಗ ಆತೇನು?’

ಉತ್ತರ ಗಟ್ಟಿಯಾಗಿ ಹೇಳಬಹುದಾದದ್ದು. ಬಗ್ಗಿ, ಮಗುವಿಗೂ ಕೇಳುವ ಹಾಗೆ ಹೇಳಿದೆ: “ಇಲ್ರೀ. ಗುಂಡಿಗಿ ಕಟ್ಟೋ ಕೆಲಸ ಅದಕ್ಕೂ ಮುಂಚೇನ ಮುಗಿದಿರ್ತೈತಿ. ನೀವು ಎತ್ತಿದ್ದಕ್ಕ ಆಗಿಲ್ಲ. ನೀವು ಮಾಡಿದ್ದು ಏನೂ ಅಲ್ಲ.”

ಅವಳು ಆಗ ಅತ್ತಳು. ಸದ್ದಿಲ್ಲದೆ, ನಿಂತಲ್ಲೇ. ಅಳುವಾಗಲೂ ಅಂಗೈಗಳು ಹೊಟ್ಟೆಯ ಮೇಲೆಯೇ ಇದ್ದವು.

ಇನ್ನು ಉಳಿದದ್ದು ಅವಳ ತಾಯಿಗೆ ಹೇಳುವುದು. ಅವಳು ಒಪ್ಪಿದಳು, ಆದರೆ ತಾನು ಬಾಯಿಬಿಟ್ಟು ಹೇಳಲಾರೆ ಎಂದಳು. ನಾನು ಹೇಳಿದರೂ ಆ ಮಾತು ಮಗುವಿನ ಮುಂದೆಯೇ ಆಗಬೇಕು, ಆ ಶೆಡ್ಡಿಗೆ ಇನ್ನೊಂದು ಕೋಣೆಯಿಲ್ಲ. ತಾಯಿಯನ್ನು ಹೊರಗೆ ಕರೆದರೆ ಆಕೆ ಇಡೀ ಸಾಲಿಗೆ ಕೇಳುವ ಹಾಗೆ ಯಾಕೆ ಎಂದು ಕೂಗುತ್ತಾರೆ ಎಂದು ಮಗಳಿಗೆ ಗೊತ್ತಿತ್ತು. ನಾವು ಕೊಡ ಹಿಡಿದು ಒಳಗೆ ಬಂದೆವು. ನಾನು ಕೊಡವನ್ನು ಒಲೆಯ ಪಕ್ಕ ಇಳಿಸಿದೆ.

ಆ ಹೊತ್ತಿಗೆ ಗಂಡ ಒಳಗೆ ಬಂದ. ಮೂವತ್ತೊಂದು ಮೊತ್ತದವನು, ನಾನು ಕುಸಿದವನೆಂದು ಲೆಕ್ಕ ಹಾಕಿದ್ದವನು. ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಜೇಬಿನಿಂದ ಸರಳು ಕಟ್ಟುವ ಎರಡು ತಂತಿ ತೆಗೆದ.

“ಅತ್ತಿ, ಇಲ್ಲಿ ನೋಡ್ರಿ. ಎಲ್ಲಾರ ಗುಂಡಿಗ್ಯಾಗ ಎರಡು ನರ ಹಿಂಗ ದಾಟಿ ಹೋಕ್ಕಾವು.” ತಂತಿಗಳನ್ನು ಒಂದರ ಮೇಲೊಂದು ಅಡ್ಡ ಹಾಕಿದ. “ನಮ್ಮ ಕೂಸಿಂದು ಹಿಂಗ ಸೀದಾ ಹೊಂಟಾವು.” ಬಿಡಿಸಿ ಪಕ್ಕಪಕ್ಕ ಹಿಡಿದ. “ಒಳಗ ಇರೋತನಕ ಏನೂ ಇಲ್ಲ, ನಿಮ್ಮ ಮಗಳ ಉಸಿರು ಐತಿ. ಹೊರಗ ಬಂದ ಮ್ಯಾಲ ಇವರು ಬಿಚ್ಚಿ, ಹೊಳ್ಳಿ ಕಟ್ತಾರ.” ಎರಡು ತಂತಿಗಳನ್ನು ಅಡ್ಡ ಹಾಕಿ, ಒಂದೇ ತಿರುವಿನಲ್ಲಿ ಗಂಟು ಬಿಗಿದು, ಅತ್ತೆಯ ಅಂಗೈಯಲ್ಲಿ ಇಟ್ಟ.

ಒಂದೂ ಕೆಟ್ಟ ಮಾತು ಇರಲಿಲ್ಲ. ನಾವು ಕಾಲು ಗಂಟೆ ತೆಗೆದುಕೊಂಡು ಹೇಳುವುದೆಲ್ಲ ಅದರಲ್ಲಿತ್ತು. ಆರು ವಾರದಿಂದ ಅವನು ಈ ಮಾತನ್ನು ಸ್ಲ್ಯಾಬಿನ ಮೇಲೆ ಕಟ್ಟಿ ಬಿಚ್ಚಿ ಮಾಡಿರಬೇಕು.

ಆಕೆ ಆ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು. ಯಾರೂ ತೆಗೆಯಲಿಲ್ಲ.

“ನಮ್ಮ ಕಡಿ ಕಟ್ಟೋರಿಲ್ಲೇನು?”

“ಹತ್ತಿರ ಎಲ್ಲೂ ಇಲ್ರೀ,” ಎಂದೆ. “ಇಲ್ಲೇ ಹಡೀಬೇಕು. ಹುಟ್ಟಿದ ತಾಸಿನೊಳಗ ಅದು ನಮ್ಮ ಕೈಯಾಗ ಇರಬೇಕು.”

“ಮಗಳನ್ನ ಕರಕೊಂಡು ಬರ್ತೀನಂತ ಊರ ತುಂಬ ಹೇಳಿ ಬಂದೀನಿ. ಚೊಚ್ಚಲ ಬಾಣಂತನ ಗಂಡನ ಮನ್ಯಾಗ ಆತು ಅಂದ್ರ ನನ್ನ ಮಾರಿಗೆ ಏನಂತಾರ?” ಆಕೆಯ ದನಿ ಏರಿತು. “ಅದೂ ಬಿಡು. ನನ್ನ ಮಗಳು ತವರು ಕಾಣದಂಗ ಹಡದಾಳಂದ್ರ ಅಕಿ ಹೊಟ್ಟಿ ತಣ್ಣಗ ಇರ್ತೈತೇನು?”

ಪದ್ಧತಿ ಬಿಡಿ ಎನ್ನುವುದು ಸುಲಭ. ಆದರೆ ಹೆರುವ ಮೊದಲು ಮಗಳ ಹೊಟ್ಟೆ ತಣ್ಣಗಿರಬೇಕು ಎಂಬ ಮಾತನ್ನೇ ಅಲ್ಲವೇ ನಾನೂ ನನ್ನ ನಮೂನೆಯಲ್ಲಿ ಅಳೆಯುತ್ತಿದ್ದದ್ದು?

ಆಕೆ ಎದ್ದು ಹೊರಗೆ ಹೋದರು. ಶೆಡ್ಡುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಹಿಂದಿನ ವಾರ ಒಂದು ಕುಟುಂಬ ಬಿಟ್ಟುಹೋದ ಕೊನೆಯ ಶೆಡ್ಡಿನ ಬಾಗಿಲು ತೆರೆದೇ ಇತ್ತು.

“ಅದು ಯಾರದು?”

“ಯಾರೂ ಇಲ್ರೀ ಅದರಾಗ,” ಎಂದ ಅಳಿಯ.

“ಮೇಸ್ತ್ರಿಗೆ ಕೇಳು. ಇವತ್ತಿನಿಂದ ಅದು ನನ್ನ ಮನಿ. ನನ್ನ ಮನಿ ಅಂದ್ರ ಅಕಿ ತವರುಮನಿ.”

ಯಾರೂ ನಗಲಿಲ್ಲ. ಆಕೆ ಆಡಿದ್ದು ತಮಾಷೆಯ ಮಾತಾಗಿರಲಿಲ್ಲ. ಮೇಸ್ತ್ರಿ ಒಪ್ಪಿದ. ಮಧ್ಯಾಹ್ನದ ಹೊತ್ತಿಗೆ ಆ ಶೆಡ್ಡು ಗುಡಿಸಿ, ಸಗಣಿ ಸಿಕ್ಕದೆ ಬರೀ ನೀರಿನಲ್ಲಿ ನೆಲ ಸಾರಿಸಿ, ಹೊಸ್ತಿಲಿಗೆ ಅರಿಷಿಣ ಹಚ್ಚಿ ಆಗಿತ್ತು. ಸಾಲಿನ ಹೆಂಗಸರು, ತೆಲುಗಿನವರೂ ಒಡಿಶಾದವರೂ, ಬಂದು ಮಗಳಿಗೆ ಹಸಿರು ಬಳೆ ಏರಿಸಿದರು. ನನ್ನನ್ನೂ ಬಿಡಲಿಲ್ಲ. ಉಡಿ ತುಂಬಿದ ಮೇಲೆ ಮಗಳು ಗಂಡನ ಶೆಡ್ಡಿನಿಂದ ಹೊರಟು, ಬುತ್ತಿ ಹಿಡಿದ ತಾಯಿಯ ಹಿಂದೆ ಆರು ಶೆಡ್ಡು ದಾಟಿ ತವರಿಗೆ ಹೋದಳು. ನಲವತ್ತು ಹೆಜ್ಜೆ ಇರಬಹುದು. ಹೊಸ್ತಿಲಲ್ಲಿ ತಾಯಿ ತಿರುಗಿ ನಿಂತು ಅಳಿಯನಿಗೆ ಹೇಳಿದರು:

“ನಾ ಕರದಾಗ ನೀವು ಬರ್ಬೇಕು, ಅಳಿಯಂದ್ರ. ಸುಮ್ಮ ಸುಮ್ಮನ ಅತ್ತಿ ಮನಿಗೆ ಬರೋದು ಛಲೋ ಅಲ್ಲ.”

“ಚಹಾಕ್ಕ ಕರೀತೀರೇನ್ರಿ?” ಎಂದ ಅವನು.

“ನೋಡೂಣು.”

ಆಗ ಎಲ್ಲರೂ ನಕ್ಕರು. ನಾನು ಬಸ್ಸಿನಲ್ಲಿ ಹಿಂದಿರುಗುವಾಗ ಕೈಯಲ್ಲಿದ್ದ ಬಳೆಗಳನ್ನು ತೆಗೆಯಲಿಲ್ಲ. ಒಂದು ಬೆಳಗಿನಲ್ಲಿ ಒಬ್ಬ ಹೆಂಗಸು ಊರಿನಿಂದ ತವರನ್ನು ಎತ್ತಿ ತಂದು ತಗಡಿನ ಸಾಲಿನ ಕೊನೆಯಲ್ಲಿ ಇಟ್ಟಿದ್ದರು. ಅದನ್ನು ಕಡತದಲ್ಲಿ ಯಾವ ಕಾಲಮಿನ ಕೆಳಗೆ ಬರೆಯಬೇಕೋ ತಿಳಿಯಲಿಲ್ಲ.

ಸೋಮವಾರ ವೈದ್ಯೆಯ ಅನುಮತಿ ಪಡೆದು ಸೊನ್ನೆಗಳ ಹಾಳೆಗೆ ಅಡ್ಡಗೆರೆ ಎಳೆದು, ‘ಉತ್ತರ ಪಡೆದಿಲ್ಲ’ ಎಂದು ಬರೆದೆ. ಮೂವತ್ತೆಂಟರ ಹಾಳೆಯನ್ನು ಅದರ ಮೇಲಿಟ್ಟೆ. ಅಲ್ಲಿಂದ ಮುಂದೆ ಕೆಲಸ ಕೆಲಸದ ಹಾಗೆ ನಡೆಯಿತು. ವಾರಕ್ಕೊಮ್ಮೆ ಅವಳು ಬಂದಳು. ಬರುವಾಗ ಗೋಡೆಯ ಗೆರೆಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ತರುತ್ತಿದ್ದಳು, ಎರಡನೆಯ ತಗಡಿನದೂ ಸೇರಿ, ಏಕೆಂದರೆ ತವರುಮನೆಯಲ್ಲಿ ಹೊಸ ಗೋಡೆ ಶುರುವಾಗಿತ್ತು. ವೈದ್ಯೆ ಅದನ್ನು ಚಾರ್ಟಿನ ಹಾಗೆಯೇ ಓದುತ್ತಿದ್ದರು. ನಾನು ಒಂದು ಕಾರ್ಡು ಬರೆದುಕೊಟ್ಟೆ: ನೋವು ಬಂದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಯಾವ ಗೇಟಿಗೆ ಬರಬೇಕು. ಅದನ್ನು ಎರಡೂ ಶೆಡ್ಡಿನ ಬಾಗಿಲಿಗೆ ಅಂಟಿಸಿದರು. ಕಾರ್ಡಿನಲ್ಲಿ ‘ತುರ್ತು’, ‘ಅಪಾಯ’ ಎಂಬ ಶಬ್ದಗಳನ್ನು ಹಾಕಲಿಲ್ಲ. ‘ಕೂಸು ಹೊರಟಿದೆ’ ಎಂದು ಹೇಳಿದರೆ ಸಾಕು, ಆ ಕಡೆಯವರಿಗೆ ತಿಳಿಯುವಂತೆ ಮಾಡಿದ್ದೆ.

ಮೂವತ್ತೇಳನೆಯ ವಾರದಲ್ಲಿ, ಗೊತ್ತುಮಾಡಿದ ದಿನಕ್ಕೆ ಒಂಬತ್ತು ದಿನ ಮೊದಲೇ, ಬೆಳಿಗ್ಗೆ ಹತ್ತಕ್ಕೆ ಆ ಕರೆ ಬಂತು. ಆಂಬುಲೆನ್ಸು ಆರಾಂಘರ್ ಹತ್ತಿರ ವಾಹನಗಳ ನಡುವೆ ಇಪ್ಪತ್ತು ನಿಮಿಷ ಸಿಕ್ಕಿಕೊಂಡಿತು. ಒಳಗಿನಿಂದ ಅವಳ ತಾಯಿ ಫೋನಿನಲ್ಲಿ ನನ್ನನ್ನೂ ಹೈದರಾಬಾದನ್ನೂ ಬೈಯುತ್ತಿದ್ದರು. ಮೂರೂವರೆಗೆ ಹೆಣ್ಣು ಮಗು ಹುಟ್ಟಿತು. ಅತ್ತಿತು. ತುಟಿ ನೇರಳೆಯಾಗಿತ್ತು. ಕಾದು ನಿಂತಿದ್ದವರು ಹೊಕ್ಕುಳಿನ ನಾಳಕ್ಕೆ ಡ್ರಿಪ್ ಹಾಕಿ ಐದನೆಯ ಮಹಡಿಗೆ ಒಯ್ದರು. ಸಂಜೆಯೊಳಗೆ ಸಣ್ಣ ಬಲೂನಿನಿಂದ ಹೃದಯದ ಕಿಂಡಿಯನ್ನು ಅಗಲ ಮಾಡಿದರು. ಗಾಜಿನಾಚೆ ನಿಂತು ನಾನು ಆ ತುಟಿಯ ಬಣ್ಣ ತಿಳಿಯಾಗುವುದನ್ನು ನೋಡಿದೆ. ಮೂರು ತಿಂಗಳ ಭಯ, ಬಳೆ, ತಂತಿ, ತಗಡು, ಎಲ್ಲ ಸೇರಿ ತಂದು ಮುಟ್ಟಿಸಿದ ಬಣ್ಣ ಅದು. ದೊಡ್ಡ ಶಸ್ತ್ರಚಿಕಿತ್ಸೆ ಮುಂದಿನ ವಾರಕ್ಕೆ ಗೊತ್ತಾಯಿತು. ಇದನ್ನೆಲ್ಲ ಬರೆಯಬಹುದೇ ಎಂದು ಕೇಳಲು ಇತ್ತೀಚೆಗೆ ನಾನು ಅವಳಿಗೆ ಫೋನ್ ಮಾಡಿದಾಗ, ಹಿಂದಿನಿಂದ ಒಂದು ಮಗು ಏನನ್ನೋ ಬಡಿಯುತ್ತ ಕೂಗುತ್ತಿತ್ತು. ಅವಳು ಎರಡು ಸಲ “ಏ ಸುಮ್ಮಿರ” ಎಂದು ಗದರಿ, ಬರೀರಿ ಎಂದಳು.

ಹೆರಿಗೆಯಾದ ಆ ಸಂಜೆ ಅವಳು ಎರಡನೆಯ ಮಹಡಿಯ ವಾರ್ಡಿನಲ್ಲಿದ್ದಳು. ಹೊಲಿಗೆ ಬಿದ್ದಿತ್ತು, ಒಂದು ದಿನ ಏಳುವಂತಿರಲಿಲ್ಲ. ಅಂಗೈಗಳು ಅಭ್ಯಾಸದಂತೆ ಹೊಟ್ಟೆಯ ಮೇಲೆ ಹೋಗಿ, ಅಲ್ಲಿ ಏನೂ ಇಲ್ಲದೆ ಹಿಂದೆ ಬರುತ್ತಿದ್ದವು. ಮಗುವಿನ ಫೋಟೋ ತೋರಿಸಿದೆ. ನೋಡಿದಳು, ತಿರುಗಿ ಕೊಟ್ಟಳು.

“ಫೋಟೋ ಸುಮ್ಮನ ಇರ್ತೈತ್ರಿ ಅಕ್ಕಾರ,” ಎಂದಳು. “ಇವತ್ತು ಗೆರಿ ಎಳಿಯಾಕ ನನ್ನ ಹತ್ತಿರ ಏನೂ ಇಲ್ಲ.”

ಮರುದಿನ ಬೆಳಿಗ್ಗೆ ಆರೂವರೆಗೆ ನಾನು ಐದನೆಯ ಮಹಡಿಗೆ ಹೋದೆ. ಕೈ ತೊಳೆದು, ಗೌನು ತೊಟ್ಟು, ಮಗುವಿನ ತೊಟ್ಟಿಲ ಪಕ್ಕ ನಿಂತೆ. ಒಂದು ಖಾಲಿ ನಮೂನೆಯ ಹಿಂಬದಿ, ಒಂದು ಪೆನ್ಸಿಲ್. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದೆ. ಆಮೇಲೆ ಆ ಪುಟ್ಟ ಎದೆ ಒಮ್ಮೆ ಏರಿದರೆ ಒಂದು ಗೆರೆ, ಒಮ್ಮೆ ಏರಿದರೆ ಒಂದು ಗೆರೆ, ಮುಳ್ಳು ಒಂದು ಸುತ್ತು ಮುಗಿಸುವವರೆಗೆ ಎಳೆದೆ. ಐವತ್ತೆರಡು. ಹಾಳೆಯನ್ನು ಮಡಚದೆ ಎರಡನೆಯ ಮಹಡಿಗೆ ಒಯ್ದು ಅವಳ ಕೈಗೆ ಕೊಟ್ಟೆ. ಅವಳು ತೋರುಬೆರಳನ್ನು ಒಂದೊಂದೇ ಗೆರೆಯ ಮೇಲೆ ಇಟ್ಟು ಸಾಗಿದಳು. ಮೂರನೆಯ ಸಾಲಿನಲ್ಲಿ ಒಂದು ಗೆರೆ ಓರೆಯಾಗಿ, ಉಳಿದವುಗಳಿಗಿಂತ ಉದ್ದವಾಗಿತ್ತು. ಬೆರಳು ಅಲ್ಲಿ ನಿಂತಿತು.

“ಇಲ್ಲಿ ಏನಾತ್ರಿ?”

“ಇಲ್ಲಿ ಅಕಿ ಆಕಳಿಸಿದಳು,” ಎಂದೆ.